‘ಡೇಟಾ ಪ್ರೈವಸಿ ಇದೆ, ಹೇಳೋಕಾಗಲ್ಲ’: ಕಸ್ಟಮರ್ ಕೇರ್ ಮಾತಿನಲ್ಲಿ ನಿಜವೆಷ್ಟು, ನೆಪವೆಷ್ಟು?

ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡಿಸಲು ನಿಂತರೆ ಮೊದಲ ಪ್ರಶ್ನೆಯೇ ‘ಮೊಬೈಲ್ ನಂಬರ್ ಹೇಳಿ’. ಅದೇ ಕಂಪನಿಗೆ ಮುಂದೊಂದು ದಿನ ದೂರು ಹೇಳಲು ಫೋನ್ ಮಾಡಿದರೆ ಬರುವ ಉತ್ತರ: ‘ಡೇಟಾ ಪ್ರೈವಸಿ ಇದೆ, ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕು’. ನಂಬರ್ ತೆಗೆದುಕೊಳ್ಳುವಾಗ ಕಾಣದ ಕಾನೂನು ಉತ್ತರ ಕೊಡುವಾಗ ಎಲ್ಲಿಂದ ಬರುತ್ತದೆ ಎಂದು ಸಿಟ್ಟು ಬರುವುದು ಸಹಜ.

ಈ ಸಿಟ್ಟಿನಲ್ಲಿ ಎರಡು ಮಾತು ಸುಲಭವಾಗಿ ಹರಡುತ್ತವೆ. ‘ಅಂಗಡಿಯವರು ನಂಬರ್ ಕೇಳಿದರೆ 250 ಕೋಟಿ ದಂಡ’ ಎಂಬುದು ಒಂದು. ‘ಪ್ರೈವಸಿ ಕಾನೂನು ಮಾಡಿದ್ದೇ ಕಂಪನಿಗಳು ತಪ್ಪಿಸಿಕೊಳ್ಳಲಿ ಎಂದು’ ಎಂಬುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ಚಿಕ್ಕದಾಗಿ ಹೇಳುವುದಾದರೆ, ನಿಮ್ಮ ಮಾಹಿತಿ ಬೇರೆಯವರ ಕೈಗೆ ಸಿಗದಂತೆ ಕಾಯುವುದು ಈ ಕಾನೂನಿನ ಕೆಲಸ. ನಿಮ್ಮ ದೂರನ್ನೇ ಕೇಳಬೇಡಿ ಎಂದು ಅದು ಕಂಪನಿಗೆ ಎಲ್ಲಿಯೂ ಹೇಳಿಲ್ಲ.

ಯಾವ ಕಾನೂನು? ಈಗ ಜಾರಿಯಲ್ಲಿದೆಯೇ?

ಇದರ ಬೇರು ಕರ್ನಾಟಕದಲ್ಲೇ ಇದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ‘ಖಾಸಗಿತನ ಮೂಲಭೂತ ಹಕ್ಕು’ ಎಂದು ತೀರ್ಪು ಕೊಟ್ಟಿತು. ಆರು ವರ್ಷಗಳ ನಂತರ, 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ.

ನಿಯಮಗಳು ಹಂತ ಹಂತವಾಗಿ ಜಾರಿಗೆ ಬರುತ್ತವೆ. ಡೇಟಾ ಪ್ರೊಟೆಕ್ಷನ್ ಬೋರ್ಡ್‌ಗೆ ಸಂಬಂಧಿಸಿದ ಭಾಗ ತಕ್ಷಣ ಜಾರಿಯಾಯಿತು. ಒಪ್ಪಿಗೆ ಪಡೆಯುವುದು, ನಮ್ಮ ಮಾಹಿತಿ ನಮಗೆ ತೋರಿಸುವುದು, ಅಳಿಸುವುದು ಮುಂತಾದ ಮುಖ್ಯ ಭಾಗಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅಂದರೆ ಅವು ಜಾರಿಯಾಗುವುದು 2027ರ ಮೇ ತಿಂಗಳಲ್ಲಿ. ಹಾಗಾಗಿ ‘ಇಂದಿನಿಂದಲೇ ಹೊಸ ಕಾನೂನು’ ಎಂಬ ಸಂದೇಶ ಬಂದರೆ ಮೊದಲು ಈ ದಿನಾಂಕ ನೆನಪಿಸಿಕೊಳ್ಳಿ.

ಅವ್ವನ ಮಿಕ್ಸಿ, ಮಗನ ಖಾತೆ

ಯಾದಗಿರಿ ಜಿಲ್ಲೆಯ ಬಳಿಚಕ್ರದಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುತ್ತಾನೆ. ಅಲ್ಲಿಂದಲೇ ಊರಿನ ಅವ್ವನಿಗೆ ಆನ್‌ಲೈನ್‌ನಲ್ಲಿ ಮಿಕ್ಸಿ ತರಿಸಿಕೊಟ್ಟಿದ್ದಾನೆ. ಡಬ್ಬಿ ಬಿಚ್ಚಿದರೆ ಜಾರ್ ಒಡೆದಿದೆ. ಅವ್ವ ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಿದರೆ, ‘ಆರ್ಡರ್ ಮಾಡಿದ ನಂಬರಿನಿಂದಲೇ ಮಾಡಿ’ ಎನ್ನುತ್ತಾರೆ. ಮಗ ಹಗಲೆಲ್ಲ ಕೆಲಸದ ಮೇಲೆ. ಅವನು ಕರೆ ಮಾಡಿದಾಗ ಒಡೆದ ಜಾರಿನ ಫೋಟೋ ಅವನ ಹತ್ತಿರ ಇಲ್ಲ. ವಾಪಸ್ ಮಾಡುವ ಅವಧಿ ಹೀಗೇ ಮುಗಿದುಹೋಗುತ್ತದೆ.

ಇಲ್ಲಿ ಕಂಪನಿ ಮಾಡಿದ್ದರಲ್ಲಿ ಸರಿ ಯಾವುದು, ತಪ್ಪು ಯಾವುದು?

ಗುರುತು ಕೇಳಿದ್ದು ಸರಿ. ಯಾರೋ ಕರೆ ಮಾಡಿ ‘ನಾನು ಇಂಥವರ ತಾಯಿ’ ಎಂದರೆ ವಿಳಾಸ, ಹಳೆಯ ಆರ್ಡರ್‌ಗಳು, ಹಣ ಕಟ್ಟಿದ ವಿವರ ಎಲ್ಲ ಹೇಳಿಬಿಡುವ ವ್ಯವಸ್ಥೆ ಇದ್ದರೆ ಅದರ ಮೊದಲ ಲಾಭ ವಂಚಕರಿಗೆ. ಹೊಸ ನಿಯಮಗಳೂ ಗ್ರಾಹಕರನ್ನು ಗುರುತಿಸಲು ಏನೇನು ಬೇಕು ಎಂಬುದನ್ನು ಕಂಪನಿ ಮೊದಲೇ ಪ್ರಕಟಿಸಬೇಕು ಎನ್ನುತ್ತವೆ.

ದೂರನ್ನೇ ಬರೆದುಕೊಳ್ಳದೆ ಇದ್ದದ್ದು ಸರಿಯಲ್ಲ. ಮಾಹಿತಿ ಹೊರಗೆ ಕೊಡುವುದು ಬೇರೆ, ದೂರು ಒಳಗೆ ತೆಗೆದುಕೊಳ್ಳುವುದು ಬೇರೆ. ‘ಈ ಆರ್ಡರ್ ನಂಬರಿನ ಮಿಕ್ಸಿಯ ಜಾರ್ ಒಡೆದಿದೆ’ ಎಂದು ಅವ್ವ ಹೇಳಿದ್ದನ್ನು ಬರೆದುಕೊಂಡರೆ ಯಾರ ಗುಟ್ಟೂ ಬಯಲಾಗುವುದಿಲ್ಲ. ಬರೆದುಕೊಂಡ ಮೇಲೆ ಮಗನ ನಂಬರಿಗೆ ಮೆಸೇಜ್ ಕಳಿಸಿ ಖಚಿತಪಡಿಸಿಕೊಳ್ಳಬಹುದು. ವಾರಂಟಿ ಎಷ್ಟು ದಿನ, ವಾಪಸ್ ಮಾಡುವುದು ಹೇಗೆ ಎಂಬುದಂತೂ ಎಲ್ಲರಿಗೂ ಹೇಳಬಹುದಾದ ವಿಷಯ. ಅದಕ್ಕೆ ಪ್ರೈವಸಿ ಅಡ್ಡ ಬರುವುದಿಲ್ಲ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅಂಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಣ ಕೊಟ್ಟವರು ಮಾತ್ರ ಗ್ರಾಹಕರಲ್ಲ. ಕೊಂಡವರ ಒಪ್ಪಿಗೆಯಿಂದ ಆ ವಸ್ತು ಬಳಸುವವರೂ ಗ್ರಾಹಕರೇ. ಮಗ ಕೊಡಿಸಿದ ಮಿಕ್ಸಿ ಬಳಸುವ ಅವ್ವ ಕಾನೂನಿನ ಕಣ್ಣಿನಲ್ಲಿ ಗ್ರಾಹಕಳು. ‘ನೀವು ಯಾರು ಕೇಳೋಕೆ?’ ಎಂಬ ಪ್ರಶ್ನೆಗೆ ಇದೇ ಉತ್ತರ.

ಒಂದು ಕೊರತೆಯನ್ನೂ ಹೇಳಬೇಕು. ಹೊಸ ಡೇಟಾ ಕಾಯ್ದೆಯಲ್ಲಿ ಮಕ್ಕಳ ಪರವಾಗಿ ಹೆತ್ತವರು ವ್ಯವಹರಿಸಬಹುದು. ಅಂಗವಿಕಲರ ಪರವಾಗಿ ಕಾನೂನುಬದ್ಧ ಪೋಷಕರು ವ್ಯವಹರಿಸಬಹುದು. ಸತ್ತ ಮೇಲೆ ಅಥವಾ ಅಶಕ್ತರಾದ ಮೇಲೆ ನಮ್ಮ ಹಕ್ಕು ಯಾರಿಗೆ ಎಂದು ನಾಮನಿರ್ದೇಶನ ಮಾಡಬಹುದು. ಆದರೆ ಗಟ್ಟಿಮುಟ್ಟಾಗಿರುವ, ಓದು ಬಾರದ ಅವ್ವನ ಪರವಾಗಿ ಮಗಳು ಮಾತಾಡುವುದಕ್ಕೆ ಹೀಗೆ ಬಿಡಿಸಿ ಹೇಳಿದ ದಾರಿ ಅದರಲ್ಲಿ ಇಲ್ಲ. ಒಂದೇ ಫೋನಿನಲ್ಲಿ ಇಡೀ ಮನೆ ನಡೆಯುವ ಊರುಗಳಿಗೆ ಇದು ಸಣ್ಣ ಕೊರತೆಯಲ್ಲ. ಸದ್ಯಕ್ಕೆ ಸುಲಭದ ದಾರಿ ಎಂದರೆ ಕಾನ್ಫರೆನ್ಸ್ ಕರೆ. ಖಾತೆದಾರರು ಲೈನಿಗೆ ಬಂದು ‘ನನ್ನ ಪರವಾಗಿ ಇವರು ಮಾತಾಡುತ್ತಾರೆ, ನನ್ನ ಒಪ್ಪಿಗೆ ಇದೆ’ ಎಂದು ಹೇಳಲಿ. ಅದನ್ನೇ ನೋಂದಾಯಿತ ಇಮೇಲ್‌ನಿಂದ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.

ಬಿಲ್ಲಿಗೆ ನಂಬರ್ ಕೊಡಲೇಬೇಕೇ?

ಬೇಕಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಸ್ಪಷ್ಟಪಡಿಸಿ ಉದ್ಯಮ ಸಂಘಟನೆಗಳಿಗೆ ಸೂಚನೆ ಕಳಿಸಿತು. ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎನ್ನುವುದು ಅನುಚಿತ ವ್ಯಾಪಾರ ಪದ್ಧತಿ ಎಂಬುದು ಅದರ ಸಾರ. ಕೇಳಬಾರದು ಎಂದಲ್ಲ, ಒತ್ತಾಯ ಮಾಡಬಾರದು.

ನೀವಾಗಿಯೇ ಕೊಟ್ಟರೂ ಅದಕ್ಕೆ ಮಿತಿ ಇದೆ. ಹೊಸ ಕಾಯ್ದೆಯೇ ಒಂದು ಔಷಧ ಅಂಗಡಿಯ ಉದಾಹರಣೆ ಕೊಡುತ್ತದೆ. ಗ್ರಾಹಕರು ನಂಬರ್ ಕೊಟ್ಟು ‘ಹಣ ಬಂದ ಬಗ್ಗೆ ಮೆಸೇಜ್ ಕಳಿಸಿ’ ಎಂದರೆ, ಅಂಗಡಿ ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು. ರಸೀದಿಗೆಂದು ಕೊಟ್ಟ ನಂಬರನ್ನು ಆಫರ್ ಮೆಸೇಜಿಗೆ, ಸಾಲದ ಕರೆಗೆ ಬಳಸಲು ಬೇರೆ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂದಕ್ಕೆ ಪಡೆಯಲೂ ಅವಕಾಶ ಇರಬೇಕು.

ಎಲ್ಲ ಅಂಗಡಿಗೂ ಒಂದೇ ಮಾತು ಅನ್ವಯಿಸುವುದಿಲ್ಲ. ಸಬ್ಸಿಡಿ ಗೊಬ್ಬರ ಮಾರುವಾಗ ಮೆಷಿನ್‌ನಲ್ಲಿ ಗುರುತು ದಾಖಲಿಸುವುದು ಸರ್ಕಾರದ ವ್ಯವಸ್ಥೆ. ಕೆಲವು ಔಷಧಗಳಿಗೆ ರೋಗಿಯ ಹೆಸರು ಬರೆದಿಡಬೇಕು ಎಂಬ ನಿಯಮವಿದೆ. ಸಿಮ್ ಕಾರ್ಡಿಗೆ ದಾಖಲೆ ಬೇಕೇ ಬೇಕು. ಅಲ್ಲಿ ಹೋಗಿ ‘ಪ್ರೈವಸಿ’ ಎಂದು ಜಗಳ ತೆಗೆದರೆ ಪ್ರಯೋಜನವಿಲ್ಲ.

250 ಕೋಟಿ ಯಾರಿಗೆ?

250 ಕೋಟಿ ರೂಪಾಯಿ ಎಂಬುದು ಗರಿಷ್ಠ ದಂಡ. ಅದೂ ನಂಬರ್ ಕೇಳಿದ್ದಕ್ಕಲ್ಲ, ಮಾಹಿತಿ ಸೋರದಂತೆ ತಕ್ಕ ಭದ್ರತೆ ಇಡದಿದ್ದಕ್ಕೆ. ದಂಡದ ಹಣ ತೊಂದರೆಗೆ ಒಳಗಾದವರಿಗೆ ಸೇರುವುದಿಲ್ಲ, ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ನಿಮಗೆ ಪರಿಹಾರ ಬೇಕಿದ್ದರೆ ಗ್ರಾಹಕ ಆಯೋಗವೇ ದಾರಿ. ಸುಳ್ಳು ದೂರು ಕೊಟ್ಟರೆ ದೂರುದಾರರಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು ಎಂಬುದೂ ಅದೇ ಕಾಯ್ದೆಯಲ್ಲಿದೆ.

ನಿಜವಾದ ಅಪಾಯ ಇರುವುದು ಇಲ್ಲಿ

ಕಸ್ಟಮರ್ ಕೇರ್‌ನಲ್ಲಿ ನಾಲ್ಕು ಸಲ ಅಲೆದು ಸುಸ್ತಾದವರು ಮುಂದೆ ಮಾಡುವ ಕೆಲಸ ಗೂಗಲ್‌ನಲ್ಲಿ ನಂಬರ್ ಹುಡುಕುವುದು. ನಕಲಿ ಕಸ್ಟಮರ್ ಕೇರ್ ನಂಬರ್ ಹಾಕಿ ವಂಚಕರು ಕಾಯುವುದು ಅಲ್ಲಿಯೇ. ಅವರು ಯಾವ ಪ್ರೈವಸಿಯ ಮಾತೂ ಆಡುವುದಿಲ್ಲ. ಕನ್ನಡದಲ್ಲಿ, ಸಮಾಧಾನದಿಂದ ಮಾತಾಡಿ, ‘ರೀಫಂಡ್ ಹಾಕ್ತೀನಿ, ಈ ಆ್ಯಪ್ ಇಳಿಸಿಕೊಳ್ಳಿ, ಪಿನ್ ಒತ್ತಿ’ ಎನ್ನಬಹುದು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತಿದೆ ಎಂದೇ ಅರ್ಥ.

ಹಾಗಾಗಿ ಒಂದು ವ್ಯತ್ಯಾಸ ನೆನಪಿಡಿ. ನೀವು ಕರೆ ಮಾಡಿದಾಗ ಅವರು ನಿಮ್ಮ ಗುರುತು ಕೇಳುವುದು ನ್ಯಾಯ. ಅವರಾಗಿಯೇ ಕರೆ ಮಾಡಿದಾಗ ಗುರುತು ತೋರಿಸಬೇಕಾದವರು ಅವರು. ಅನುಮಾನ ಬಂದರೆ ಕರೆ ಕತ್ತರಿಸಿ, ಬಿಲ್ಲಿನಲ್ಲಿ, ಡಬ್ಬಿಯ ಮೇಲೆ ಅಥವಾ ಕಂಪನಿಯ ಆ್ಯಪ್‌ನಲ್ಲಿ ಇರುವ ನಂಬರಿಗೆ ನೀವೇ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಲ ಹೀಗೆ ಮಾಡಿ

1. ‘ಹೇಳೋಕಾಗಲ್ಲ’ ಎಂದರೆ, ‘ಮಾಹಿತಿ ಬೇಡ, ನನ್ನ ದೂರು ಬರೆದುಕೊಂಡು ದೂರಿನ ಸಂಖ್ಯೆ ಕೊಡಿ’ ಎಂದು ಕೇಳಿ.

2. ಆನ್‌ಲೈನ್ ಖರೀದಿಯಾದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ನಿಯಮ ಈಗಲೇ ಜಾರಿಯಲ್ಲಿದೆ, 2027ಕ್ಕೆ ಕಾಯಬೇಕಾಗಿಲ್ಲ.

3. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ವಾಸಿಸುವ ಕಡೆಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ.

4. ಜಾಹೀರಾತು ಕರೆಗಳ ಕಾಟಕ್ಕೆ 1909ರಲ್ಲಿ ಡಿಎನ್‌ಡಿ ನೋಂದಣಿ ಮಾಡಿಸಿ.

5. ಊರಿನವರಿಗೆ ಆನ್‌ಲೈನ್‌ನಲ್ಲಿ ಏನಾದರೂ ತರಿಸಿಕೊಟ್ಟರೆ ಬಿಲ್ ಮತ್ತು ಆರ್ಡರ್ ನಂಬರನ್ನು ಅವರ ಫೋನಿಗೂ ಕಳಿಸಿಡಿ. ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಲು ಹೇಳಿ.

ಈ ಲೇಖನವನ್ನು ಫಾರ್ವರ್ಡ್ ಮಾಡುವುದಾದರೆ 250 ಕೋಟಿಯ ಸುದ್ದಿಗಿಂತ 1915 ಮತ್ತು 1930 ಎಂಬ ಎರಡು ನಂಬರನ್ನು ಮುಂದೆ ಇಡಿ. ಮನೆಯಲ್ಲಿ ಹಿರಿಯರು ಇದ್ದರೆ ಅವರ ಫೋನಿನಲ್ಲಿ ಈ ಎರಡನ್ನೂ ನೀವೇ ಸೇವ್ ಮಾಡಿಕೊಡಿ.