ಪತ್ರಿಕೋದ್ಯಮದ ಜೊತೆಗೆ ಇನ್ನೇನು?

ಪಿಯುಸಿ ಫಲಿತಾಂಶ ಬಂದ ಮೇಲೆ ಪತ್ರಿಕೆಯಲ್ಲಿ ಕೆಲಸ ಮಾಡಿದವರ ಫೋನಿಗೆ ಒಂದಿಷ್ಟು ದಿನ ಬಿಡುವಿರುವುದಿಲ್ಲ. ‘ಮಗಳು ಜರ್ನಲಿಸಂ ಮಾಡ್ತೀನಿ ಅಂತ ಹಟ ಹಿಡಿದಿದಾಳೆ ಸರ್. ಸೇರಿಸಬಹುದಾ? ಮುಂದೆ ಕೆಲಸ ಸಿಗುತ್ತಾ?’ ಕೇಳುವವರು ಹೆಚ್ಚಾಗಿ ಅಪ್ಪಂದಿರು. ಮಗಳು ಪಕ್ಕದಲ್ಲೇ ನಿಂತಿದ್ದಾಳೆ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ. ಧಾರಾಳವಾಗಿ ಸೇರಿಸಿ ಅನ್ನುತ್ತೇನೆ. ಜೊತೆಗೆ ಒಂದು ಮಾತು ಕೇಳುತ್ತೇನೆ: ‘ಜರ್ನಲಿಸಂ ಸರಿ, ಇನ್ನೆರಡು ವಿಷಯ ಯಾವುದು?’ ಆ ಕಡೆ ಮಾತು ನಿಂತುಹೋಗುತ್ತದೆ. ಅಪ್ಪನೂ ಯೋಚಿಸಿರುವುದಿಲ್ಲ, ಮಗಳೂ ಯೋಚಿಸಿರುವುದಿಲ್ಲ.

ಯೋಚಿಸುವ ಕಾಲ ಈಗ ಮತ್ತೆ ಬಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ 2021–22ರಲ್ಲಿ ನಮ್ಮಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತು. ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂದದ್ದೇ 2024–25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ನಡುವೆ ಸಿಕ್ಕಿಕೊಂಡ ಬ್ಯಾಚುಗಳು ಪಟ್ಟ ಪಾಡು ಬೇರೆಯದೇ ಕಥೆ. ಅದೇನೇ ಇರಲಿ, ಬಿ.ಎ.ಗೆ ಸೇರುವವರಿಗೆ ಮೂರು ವಿಷಯಗಳ ಕಾಂಬಿನೇಷನ್ ಅನ್ನುವುದು ಮತ್ತೆ ಮುಖ್ಯವಾಗಿದೆ. ಆದರೆ ಅದನ್ನು ಆರಿಸುವ ಕ್ರಮ ನೋಡಿದರೆ ಅಳು ಬರುತ್ತದೆ. ಗೆಳತಿ ತಗೊಂಡಿದ್ದಾಳೆ, ನೋಟ್ಸ್ ಸಿಗುತ್ತದೆ, ಆ ವಿಷಯದ ಮೇಷ್ಟ್ರು ಅಂಕ ಚೆನ್ನಾಗಿ ಕೊಡುತ್ತಾರೆ, ಅರ್ಥಶಾಸ್ತ್ರದಲ್ಲಿ ಲೆಕ್ಕ ಬರುತ್ತದಂತೆ ಬೇಡ. ಹೀಗೆ ಮೂರು ವರ್ಷ ತೀರ್ಮಾನವಾಗಿಬಿಡುತ್ತದೆ.

ಸಂವಹನ ಮತ್ತು ಮಾಧ್ಯಮ ಅಧ್ಯಯನದ ತರಗತಿ ಹೇಗೆ ಹೇಳಬೇಕು ಅನ್ನುವುದನ್ನು ಕಲಿಸುತ್ತದೆ. ಇಂಟ್ರೊ ಬರೆಯುವುದು, ಪುಟ ಕಟ್ಟುವುದು, ಕ್ಯಾಮೆರಾ ಹಿಡಿಯುವುದು, ಬೈಟ್ ತೆಗೆದುಕೊಳ್ಳುವುದು, ಎಡಿಟ್ ಮಾಡುವುದು ಎಲ್ಲವೂ ಇದರಲ್ಲಿ ಬರುತ್ತವೆ. ಏನು ಹೇಳಬೇಕು ಅನ್ನುವುದು ಮಾತ್ರ ಬೇರೆ ಕಡೆಯಿಂದ ಬರಬೇಕು. ಇದು ವಿಭಾಗಗಳ ಮೇಲಿನ ದೂರಲ್ಲ, ಆ ವಿಷಯದ ಸ್ವಭಾವವೇ ಹಾಗೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಕೇಂದ್ರದ ಮುಂದೆ ರಾಜ್ಯ 18,171 ಕೋಟಿ ರೂಪಾಯಿ ಪರಿಹಾರ ಕೇಳಿತು. ತಿಂಗಳುಗಟ್ಟಲೆ ಹಣ ಬರಲಿಲ್ಲ. ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೊನೆಗೆ 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ನಡುವೆ, 3,454 ಕೋಟಿ ಬಿಡುಗಡೆಯಾಯಿತು. ಚಾನೆಲ್‌ಗಳಲ್ಲಿ ಸುದ್ದಿ ಎರಡೇ ಬಗೆಯಲ್ಲಿ ಬಂತು. ಕೇಳಿದ್ದರಲ್ಲಿ ಐದನೇ ಒಂದು ಪಾಲೂ ಕೊಟ್ಟಿಲ್ಲ ಎಂದು ಒಂದು ಕಡೆಯವರು, ಕೊಟ್ಟೆವಲ್ಲ ಎಂದು ಇನ್ನೊಂದು ಕಡೆಯವರು. ಪ್ಯಾನೆಲ್‌ನಲ್ಲಿ ನಾಲ್ಕು ಜನ ಕೂತು ಕೂಗಾಡಿದರು, ಜಾಹೀರಾತು ಬಂತು, ಮುಗಿಯಿತು.

ಆ 18,171 ಕೋಟಿಯ ಒಳಗೆ ಏನೇನಿತ್ತು? ರಾಜ್ಯದ ಮನವಿಯಲ್ಲೇ ಲೆಕ್ಕ ಇದೆ. ಬೆಳೆ ಹಾನಿಗೆ ರೈತರಿಗೆ ಕೊಡುವ ಇನ್‌ಪುಟ್ ಸಬ್ಸಿಡಿ ಸುಮಾರು 4,663 ಕೋಟಿ. ಕುಡಿಯುವ ನೀರಿಗೆ ಸುಮಾರು 567 ಕೋಟಿ. ದನಕರುಗಳ ಮೇವು, ಆರೈಕೆಗೆ 364 ಕೋಟಿ. ಉಳಿದ 12,577 ಕೋಟಿ ಒಂದೇ ಬಾಬ್ತಿನದು: ಬರದಿಂದ ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದ ಕುಟುಂಬಗಳಿಗೆ ಕೊಡುವ ತುರ್ತು ನೆರವು. ಅಂದರೆ ಕೇಳಿದ ಹಣದ ಮೂರನೇ ಎರಡು ಪಾಲು ಈ ಒಂದು ಸಾಲಿನಲ್ಲಿತ್ತು. ಅಂಥ ಕುಟುಂಬಗಳನ್ನು ಲೆಕ್ಕ ಹಾಕಿದ್ದು ಹೇಗೆ? ನಿಯಮ ಅದಕ್ಕೆ ಎಷ್ಟರಮಟ್ಟಿಗೆ ಅವಕಾಶ ಕೊಡುತ್ತದೆ? ಜಗಳದ ನಿಜವಾದ ಗಂಟು ಅಲ್ಲಿತ್ತು. ಅದನ್ನು ಬಿಚ್ಚಿ ತೋರಿಸುವುದಕ್ಕೆ ಒಳ್ಳೆಯ ಧ್ವನಿ ಸಾಲದು, ಬಜೆಟ್ ಪುಸ್ತಕ ತೆರೆದರೆ ತಲೆ ಸುತ್ತಬಾರದು. ವಿಪತ್ತು ಪರಿಹಾರ ನಿಧಿ ರಾಜ್ಯದ್ದೊಂದು, ರಾಷ್ಟ್ರದ್ದೊಂದು ಇದೆ. ಅವೆರಡೂ ಹೇಗೆ ನಡೆಯುತ್ತವೆ, ಹಣಕಾಸು ಆಯೋಗ ಅಂದರೇನು ಎಂಬಷ್ಟಾದರೂ ತಿಳಿದಿರಬೇಕು.

ಇದೇ ಬರವನ್ನು ತಾಲ್ಲೂಕಿನ ವರದಿಗಾರ ಇನ್ನೊಂದು ತುದಿಯಿಂದ ನೋಡಬೇಕಾಗುತ್ತದೆ. ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಜಮೀನಿಗೆ 17,000, ಅದೂ ಎರಡು ಹೆಕ್ಟೇರ್ ಮಿತಿಯೊಳಗೆ ಎಂಬುದು ಆಗ ಜಾರಿಯಲ್ಲಿದ್ದ ದರ. ಎರಡೂವರೆ ಎಕರೆಗೆ ಒಂದು ಹೆಕ್ಟೇರ್ ಲೆಕ್ಕ. ಒಂದೂಕಾಲು ಎಕರೆ ರಾಗಿ ಹೊಲದವನಿಗೆ ಬರಬೇಕಾದದ್ದು 4,250 ರೂಪಾಯಿ. ಅವನ ಖಾತೆಗೆ ಎಷ್ಟು ಜಮೆಯಾಯಿತು ಎಂದು ಪಾಸ್‌ಬುಕ್ ನೋಡಿ ಕೇಳುವವನು ವರದಿಗಾರ. ‘ರೈತರ ಕಣ್ಣೀರು’ ಎಂದು ಶೀರ್ಷಿಕೆ ಕೊಟ್ಟು ಬಿರುಕುಬಿಟ್ಟ ನೆಲದ ಫೋಟೊ ಹಾಕುವುದಕ್ಕೆ ಪದವಿ ಏಕೆ ಬೇಕು? ಆ ಫೋಟೊವಂತೂ ಪ್ರತಿ ಬರಗಾಲದಲ್ಲೂ ಒಂದೇ ಇರುತ್ತದೆ. ಅದು ಯಾವ ಊರಿನ ಕೆರೆಯೋ ದೇವರೇ ಬಲ್ಲ.

ಮಳೆ ಬಂದರೂ ಇದೇ ಗತಿ. ಮೊದಲ ಸೆಮಿಸ್ಟರಿನ ವಿದ್ಯಾರ್ಥಿ ‘ನಿನ್ನೆ ಭಾರಿ ಮಳೆ ಸುರಿಯಿತು’ ಎಂದು ಬರೆದುಕೊಂಡು ಬರುತ್ತಾನೆ. ಎಷ್ಟು ಮಿಲಿಮೀಟರ್ ಎಂದರೆ ಮುಖ ನೋಡುತ್ತಾನೆ. ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ಕರ್ನಾಟಕದಲ್ಲಿ ಈ ಲೆಕ್ಕ ಸಿಗುವುದು ಕಷ್ಟವೂ ಅಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಹೋಬಳಿವಾರು ಅಂಕಿ ತೆಗೆದು ನೋಡಿದರೆ ಸುದ್ದಿ ತಾನಾಗಿ ಹುಟ್ಟುತ್ತದೆ: ಒಂದೇ ತಾಲ್ಲೂಕಿನಲ್ಲಿ ಈ ಹೋಬಳಿ ಮುಳುಗಿದೆ, ಆ ಹೋಬಳಿಯಲ್ಲಿ ಬಿತ್ತನೆಯೇ ಆಗಿಲ್ಲ. ಭೂಗೋಳ ಓದಿದವನಿಗೆ ಈ ಪ್ರಶ್ನೆ ಮೊದಲೇ ಹೊಳೆದಿರುತ್ತದೆ.

ಇಷ್ಟು ಹೇಳಿದರೆ ಯಾರಾದರೊಬ್ಬರು ‘ಡಿವಿಜಿ ಯಾವ ಡಿಗ್ರಿ ಮಾಡಿದ್ದರು ಸ್ವಾಮಿ?’ ಅನ್ನದೆ ಬಿಡುವುದಿಲ್ಲ. ನಿಜ, ಡಿವಿಜಿ ಮೆಟ್ರಿಕ್ಯುಲೇಷನ್ ಕೂಡ ದಾಟಲಿಲ್ಲ. ಆದರೆ ‘ರಾಜ್ಯಶಾಸ್ತ್ರ’ ಬರೆದವರು ಅವರೇ. ‘ವೃತ್ತಪತ್ರಿಕೆ’ ಎಂಬ ಹೆಸರಿನಲ್ಲಿ ಪತ್ರಿಕಾವೃತ್ತಿಯ ಮೇಲೆ ಕನ್ನಡದಲ್ಲಿ ಪುಸ್ತಕ ಬರೆದವರೂ ಅವರೇ. ಸಂಸ್ಥಾನಗಳ ಆಡಳಿತ, ಸಂವಿಧಾನದ ವಿಚಾರಗಳನ್ನು ಅವರಷ್ಟು ಆಳವಾಗಿ ಓದಿದ ಪತ್ರಕರ್ತರು ಆ ಕಾಲದಲ್ಲಿ ಕಡಿಮೆ. ಕನ್ನಡ ಮಾಧ್ಯಮದ ಚರಿತ್ರೆಯನ್ನೇ ತಿರುವಿ ನೋಡಿ. 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಪಾದ್ರಿ. ನಮ್ಮ ದಾಸರ ಪದಗಳನ್ನೂ ಹಳಗನ್ನಡವನ್ನೂ ಹುಡುಕಿ ಓದಿದವರು. ಮೈಸೂರಿನಲ್ಲಿ 1935ರಲ್ಲಿ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1980ರಲ್ಲಿ ವಾರಪತ್ರಿಕೆ ಶುರುಮಾಡಿದ ಲಂಕೇಶ್ ಇಂಗ್ಲಿಷ್ ಮೇಷ್ಟ್ರು. ಇವರೆಲ್ಲರೂ ಇನ್ನೊಂದು ವಿಷಯದಲ್ಲಿ ಬೇರು ಬಿಟ್ಟು ಆಮೇಲೆ ಮಾಧ್ಯಮಕ್ಕೆ ಬಂದವರು.

ಹಾಗಾದರೆ ಪತ್ರಿಕೋದ್ಯಮದ ತರಗತಿಯೇ ಬೇಡವೇ? ಬೇಕು. ನಾಡಿಗ ಕೃಷ್ಣಮೂರ್ತಿ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮ ಕಲಿಸಲು ತೊಡಗಿದಾಗ ದೇಶದಲ್ಲಿ ಇದನ್ನು ಪಾಠ ಮಾಡುವ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟಿದ್ದವು. ಅಲ್ಲಿಂದ ಬಂದ ಹುಡುಗರು ಕನ್ನಡ ಪತ್ರಿಕೆಗಳ ಡೆಸ್ಕುಗಳನ್ನು ತುಂಬಿದರು. ಡಿವಿಜಿ ತಾವೇ ಹುಡುಕಿಕೊಂಡು ಕಲಿತದ್ದನ್ನು ಸಾಮಾನ್ಯ ಹುಡುಗ ಹುಡುಗಿಯರಿಗೆ ಮೂರು ವರ್ಷದಲ್ಲಿ ಕೈಗೆಟುಕಿಸುವುದು ಸಣ್ಣ ಕೆಲಸವಲ್ಲ. ಮಾನನಷ್ಟ ಅಂದರೇನು, ನ್ಯಾಯಾಂಗ ನಿಂದನೆ ಎಲ್ಲಿಂದ ಶುರುವಾಗುತ್ತದೆ, ಅತ್ಯಾಚಾರ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಏಕೆ ಬಯಲಾಗಬಾರದು ಎಂಬುದನ್ನು ಕೆಲಸಕ್ಕೆ ಸೇರಿದ ಮೇಲೆ ತಪ್ಪು ಮಾಡಿ ಕಲಿಯುವುದಕ್ಕಿಂತ ತರಗತಿಯಲ್ಲಿ ಕಲಿಯುವುದು ಊರಿಗೇ ಕ್ಷೇಮ.

ಥಿಯರಿ ಬಗ್ಗೆಯೂ ನನಗೆ ತಕರಾರಿಲ್ಲ. ಅದನ್ನು ಕಲಿಸುವ ಬಗೆಯ ಮೇಲೆ ಮಾತ್ರ ತಕರಾರು. ಅಜೆಂಡಾ ಸೆಟ್ಟಿಂಗ್ ಎಂದು ಐದು ಅಂಕದ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮ್ಯಾಕೂಂಬ್ಸ್ ಮತ್ತು ಶಾ ಎಂಬಿಬ್ಬರು 1968ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ವೇಳೆ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ವೋಟು ಎಂದು ಇನ್ನೂ ನಿರ್ಧರಿಸದ ನೂರು ಮತದಾರರನ್ನು ಮಾತಾಡಿಸಿದರು. ಮಾಧ್ಯಮ ಯಾವುದಕ್ಕೆ ಹೆಚ್ಚು ಜಾಗ ಕೊಡುತ್ತದೋ ಜನರೂ ಅದನ್ನೇ ದೊಡ್ಡ ವಿಷಯ ಅನ್ನುತ್ತಾರೆ ಎಂದು ಕಂಡುಕೊಂಡರು. ಇದನ್ನು ಉರು ಹೊಡೆದು ಬರೆದರೆ ಐದಕ್ಕೆ ನಾಲ್ಕು ಸಿಗುತ್ತದೆ. ಅದೇ ವಿದ್ಯಾರ್ಥಿ ಒಂದು ವಾರ ರಾತ್ರಿ ಒಂಬತ್ತರ ಕನ್ನಡ ಸುದ್ದಿ ನೋಡಿ, ಯಾವ ವಿಷಯಕ್ಕೆ ಎಷ್ಟು ನಿಮಿಷ ಎಂದು ಗುರುತು ಹಾಕಿಕೊಂಡು, ಮಾರನೇ ದಿನ ತನ್ನೂರಿನ ಹೋಟೆಲ್ಲಿನಲ್ಲಿ ಟೀ ಕುಡಿಯುವವರು ಏನು ಮಾತಾಡುತ್ತಾರೆ ಎಂದು ಕೇಳಿಸಿಕೊಂಡರೆ ಆ ಇಬ್ಬರು ಪ್ರೊಫೆಸರುಗಳು ಮಾಡಿದ್ದೇನು ಅನ್ನುವುದು ಮನಸ್ಸಿಗೆ ಇಳಿಯುತ್ತದೆ. ಇದಕ್ಕೆ ಸ್ಟುಡಿಯೊ ಬೇಡ, ಒಂದು ನೋಟ್‌ಬುಕ್ ಸಾಕು. ಸ್ಟುಡಿಯೊ ಅಂದೆನಲ್ಲ, ಬೀಗ ಹಾಕಿದ ಸ್ಟುಡಿಯೊಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕ್ಯಾಮೆರಾ ಹಾಳಾದರೆ ಯಾರು ಜವಾಬ್ದಾರಿ ಎಂಬ ಭಯಕ್ಕೆ ಅದು ಕಪಾಟಿನಲ್ಲೇ ಹಳೆಯದಾಗುತ್ತದೆ. ವಿಭಾಗ ನಡೆಸುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಗೊತ್ತಿರುವುದಿಲ್ಲ. ಕೀಲಿಕೈ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಕೆಲಸದ ಪ್ರಶ್ನೆಗೆ ಬರುತ್ತೇನೆ, ಅಪ್ಪಂದಿರು ಅದಕ್ಕಾಗಿಯೇ ಫೋನ್ ಮಾಡಿರುತ್ತಾರೆ. ಆ್ಯಂಕರ್ ಆಗುವವರು ಕೆಲವೇ ಮಂದಿ. ಮೊದಲ ಸಂಬಳ ಕಡಿಮೆ, ರಾತ್ರಿ ಪಾಳಿ ಗ್ಯಾರಂಟಿ. ಪತ್ರಿಕೆಯ ಪರೀಕ್ಷೆಗೆ ಕೂತರೆ ಏಜೆನ್ಸಿಯ ಇಂಗ್ಲಿಷ್ ಕಾಪಿ ಕೊಟ್ಟು ಕನ್ನಡಕ್ಕೆ ತನ್ನಿ ಅನ್ನುತ್ತಾರೆ. ಅಲ್ಲಿ ಹತ್ತು ಮಿಲಿಯನ್ ಅಂದರೆ ಒಂದು ಕೋಟಿ ಎಂದು ಬೆರಳು ಮಡಚದೆ ಬರೆಯಬಲ್ಲವರನ್ನು, ರೆಪೊ ದರ ಏರಿದರೆ ಮನೆ ಸಾಲದ ಕಂತು ಏನಾಗುತ್ತದೆ ಎಂದು ಎರಡು ಸಾಲಿನಲ್ಲಿ ಬಿಡಿಸಿ ಹೇಳಬಲ್ಲವರನ್ನು ಯಾವ ಸುದ್ದಿ ಸಂಪಾದಕರೂ ಬಿಟ್ಟುಕೊಡುವುದಿಲ್ಲ. ಕನ್ನಡ ಟೈಪಿಂಗ್ ‘ನುಡಿ’ ತಂತ್ರಾಂಶದಲ್ಲೂ ಬರಬೇಕು, ಯುನಿಕೋಡ್‌ನಲ್ಲೂ ಬರಬೇಕು. ಇದನ್ನು ಮೊದಲ ತಿಂಗಳಲ್ಲೇ ಕಲಿತುಬಿಡಿ. ಪತ್ರಿಕೆ, ಟಿವಿ ಬೇಡವೆನಿಸಿದರೆ ಜಾಹೀರಾತು, ಪಿಆರ್, ಕಂಪನಿಗಳ ಕಂಟೆಂಟ್ ವಿಭಾಗ, ಸ್ವಯಂಸೇವಾ ಸಂಸ್ಥೆಗಳು ಇವೆ. ಎಲ್ಲ ಕಡೆಯೂ ಮೊದಲು ಕೇಳುವುದು ನಿಮಗೆ ಯಾವ ಕ್ಷೇತ್ರ ಗೊತ್ತು ಎಂದೇ.

ಆದ್ದರಿಂದ ಈ ವರ್ಷ ಸೇರುವವರಿಗೆ ನನ್ನ ಮಾತು ಇಷ್ಟೆ. ಪತ್ರಿಕೋದ್ಯಮದ ಜೊತೆ ಅರ್ಥಶಾಸ್ತ್ರ ತೆಗೆದುಕೊಳ್ಳಿ. ಲೆಕ್ಕದ ಭಯ ಬೇಡ, ಬಿ.ಎ. ಅರ್ಥಶಾಸ್ತ್ರದಲ್ಲಿ ಬರುವಷ್ಟು ಲೆಕ್ಕ ಕಿರಾಣಿ ಅಂಗಡಿಯವರು ದಿನಾ ಮಾಡುತ್ತಾರೆ. ಮೂರನೆಯದಕ್ಕೆ ರಾಜ್ಯಶಾಸ್ತ್ರವೋ ಭೂಗೋಳವೋ ನಿಮಗೆ ಬಿಟ್ಟದ್ದು. ಐಚ್ಛಿಕ ಕನ್ನಡ ತೆಗೆದುಕೊಂಡರೂ ನನಗೆ ಸಂತೋಷವೇ, ವಾಕ್ಯ ನೆಟ್ಟಗಾಗುತ್ತದೆ. ನೀವು ಸೇರಬೇಕೆಂದಿರುವ ಕಾಲೇಜಿನಲ್ಲಿ ಪತ್ರಿಕೋದ್ಯಮ–ಅರ್ಥಶಾಸ್ತ್ರ ಕಾಂಬಿನೇಷನ್ ಇಲ್ಲವೆಂದರೆ ಪ್ರಿನ್ಸಿಪಾಲರನ್ನು ಕಂಡು ಯಾಕಿಲ್ಲ ಎಂದು ಕೇಳಿ, ಸಮೀಪದ ಇನ್ನೊಂದು ಕಾಲೇಜಿನಲ್ಲಿ ಇದೆಯೇ ವಿಚಾರಿಸಿ. ಅರ್ಜಿ ಹಾಕುವ ಕೊನೆಯ ದಿನದವರೆಗೆ ಮಾತ್ರ ಕಾಯಬೇಡಿ. ಬೇಕಾದ ಕಾಂಬಿನೇಷನ್‌ಗೆ ಸೀಟು ತುಂಬಿದ ಮೇಲೆ ಉಳಿದದ್ದನ್ನು ತೆಗೆದುಕೊಳ್ಳಬೇಕಾಗುತ್ತದೆ.