"ಫಾರ್ಮ್ಯಾಟ್ ಹೊಡಿ ಮಗಾ" ಅನ್ನೋ ಮುಂಚೆ

ರಾತ್ರಿ ಅಪ್‌ಡೇಟ್‌ಗೆ ಬಿಟ್ಟು ಮಲಗಿದ ಲ್ಯಾಪ್‌ಟಾಪ್ ಬೆಳಗ್ಗೆ ಪಿನ್ ಒಪ್ಪಲ್ಲ ಅಂತ ಹಟ ಹಿಡಿದರೆ, ಹಾಸ್ಟೆಲ್ ಕಾರಿಡಾರ್‌ನಲ್ಲಿ ಸಿಗೋ ಮೊದಲ ಸಲಹೆ ಒಂದೇ: "ಫಾರ್ಮ್ಯಾಟ್ ಹೊಡಿ ಮಗಾ, ಅರ್ಧ ಗಂಟೆ ಕೆಲಸ." ನಾವು ಒಬ್ಬರಿಗೊಬ್ಬರು ಕೊಡೋ ಸಲಹೆಗಳಲ್ಲಿ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಆ ಅರ್ಧ ಗಂಟೆಯಲ್ಲಿ ಮಿನಿ ಪ್ರಾಜೆಕ್ಟ್, ಲ್ಯಾಬ್ ರೆಕಾರ್ಡ್, ಪಿಯುಸಿ ಕಾಲದ ಫೋಟೋ ಎಲ್ಲಾ ಹೋಗುತ್ತೆ.

ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ವಿಂಡೋಸ್‌ನಲ್ಲಿ ಪಿನ್ ಅನ್ನೋದು ಆ ಒಂದು ಮಷೀನ್‌ಗೆ ಮಾತ್ರ ಸೇರಿದ್ದು. ಸಾಮಾನ್ಯವಾಗಿ ಅದನ್ನ ಟಿಪಿಎಂ ಅನ್ನೋ ಸೆಕ್ಯುರಿಟಿ ಚಿಪ್ ಜೊತೆ ಕಟ್ಟಿರುತ್ತಾರೆ. ಬಯಾಸ್ ಅಪ್‌ಡೇಟ್ ಆದಾಗ ಆ ನಂಟು ಕಡಿದುಹೋದರೆ ಸರಿಯಾದ ಪಿನ್ ಕೂಡ ಕೆಲಸ ಮಾಡಲ್ಲ. ಅಕೌಂಟ್ ಮಾತ್ರ ಎಲ್ಲೂ ಹೋಗಿರಲ್ಲ. ಅದೇ ಪರದೆಯಲ್ಲಿ ಸೈನ್-ಇನ್ ಆಪ್ಷನ್ಸ್ ಒತ್ತಿ, ಪಾಸ್‌ವರ್ಡ್ ಹಾಕಿ ನೋಡಿ.

ಅದೂ ತಪ್ಪು ಅಂತಿದೆಯಾ? ನಮ್ಮ ಬಳಗದವರು ಮೊದಲು ಬಲಗಡೆ ಕೆಳಗಿನ ಮೂಲೆ ನೋಡಬೇಕು. ಕನ್ನಡ ಕೀಬೋರ್ಡ್ ಸೇರಿಸಿಕೊಂಡವರಿಗೆ ಅಲ್ಲಿ ಭಾಷೆಯ ಗುರುತು ಕಾಣುತ್ತೆ. ಅದು ಕನ್ನಡಕ್ಕೆ ತಿರುಗಿದ್ದರೆ, ಚುಕ್ಕಿಗಳ ಹಿಂದೆ ಪಾಸ್‌ವರ್ಡ್ ಅಚ್ಚಗನ್ನಡದಲ್ಲಿ ಬೀಳ್ತಾ ಇರುತ್ತೆ! ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್‌ಗೆ ಬರುತ್ತೆ. ಇದೊಂದು ಕಡೆ ಕನ್ನಡಾಭಿಮಾನ ಸ್ವಲ್ಪ ಪಕ್ಕಕ್ಕಿಡೋಣ.

ಪಾಸ್‌ವರ್ಡ್ ಮರೆತೇ ಹೋಗಿದ್ದರೆ ಫೋನ್‌ನಲ್ಲಿ ರೀಸೆಟ್ ಮಾಡಬಹುದು. ಆದರೆ ಹೊಸ ಪಾಸ್‌ವರ್ಡ್ ಲ್ಯಾಪ್‌ಟಾಪ್‌ಗೆ ಗೊತ್ತಾಗಬೇಕಂದ್ರೆ ನೆಟ್ ಬೇಕು. ಕ್ಯಾಂಪಸ್ ವೈಫೈ ಲಾಗಿನ್ ಪೇಜ್ ತೆರೆದುಕೊಳ್ಳೋದು ಬ್ರೌಸರ್‌ನಲ್ಲಿ. ಲಾಕ್ ಆಗಿರೋ ಪರದೆಗೆ ಬ್ರೌಸರ್ ಎಲ್ಲಿಂದ ತರೋದು? ಫೋನ್ ಹಾಟ್‌ಸ್ಪಾಟ್ ಆನ್ ಮಾಡಿ.

ನಿಜವಾದ ತೊಂದರೆ ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಕೇಳಿದಾಗ. 2024ರ ಜುಲೈ ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಆದಮೇಲೆ ಕೆಲವು ಕಂಪ್ಯೂಟರ್‌ಗಳು ಹೀಗೇ ಬಿಟ್‌ಲಾಕರ್ ಪರದೆಗೆ ಹೋಗಿ ನಿಂತವು. ಮೈಕ್ರೋಸಾಫ್ಟ್ ಅದನ್ನ ಒಪ್ಪಿಕೊಂಡು ಆಗಸ್ಟ್‌ನಲ್ಲಿ ಸರಿಪಡಿಸಿತು. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿರೋದರಿಂದ ರಿಪೇರಿ ಅಂಗಡಿಯವರು ಅದನ್ನ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಫೈಲ್ ಓದೋಕೆ ಆಗಲ್ಲ. ಕೀ ಸಾಮಾನ್ಯವಾಗಿ ಆ ಲ್ಯಾಪ್‌ಟಾಪ್‌ಗೆ ಮೊದಲು ಸೈನ್ ಇನ್ ಆದ ಅಕೌಂಟ್‌ನಲ್ಲಿರುತ್ತೆ. ಫೋನ್‌ನಲ್ಲಿ ಆ ಅಕೌಂಟ್ ತೆರೆದು, ಪರದೆಯ ಮೇಲಿರೋ ಕೀ ಐಡಿ ಜೊತೆ ಹೊಂದಿಸಿ ನೋಡಬೇಕು.

ಆದರೆ ಆ ಅಕೌಂಟ್ ಯಾರದು? ಇಲ್ಲೇ ಎಡವಟ್ಟಾಗೋದು. ಸೆಟಪ್ ಮಾಡಿಕೊಟ್ಟಿದ್ದು ಅಂಗಡಿ ಹುಡುಗನೋ, ಅಣ್ಣನೋ. ಕೊಟ್ಟ ಇಮೇಲ್ ಆನ್‌ಲೈನ್ ಕ್ಲಾಸ್ ಕಾಲದ ಸ್ಕೂಲ್ ಐಡಿ, ಈಗ ಅದು ಮುಚ್ಚಿಹೋಗಿರಬಹುದು. ಎನ್‌ಕ್ರಿಪ್ಷನ್ ಬೇಡ ಅಂತ ನಾವು ಹೇಳ್ತಿಲ್ಲ. ಬಸ್ಸಲ್ಲಿ ಬ್ಯಾಗ್ ಕಳೆದುಹೋದ ದಿನ ಕಾಯೋದು ಅದೇ. ಆದರೆ ಮನೆಗೆ ಬೀಗ ಹಾಕಿ ಕೀಲಿಕೈ ಯಾರ ಹತ್ರ ಇದೆ ಅಂತ ಮನೆಯವರಿಗೇ ಗೊತ್ತಿಲ್ಲ ಅಂದ್ರೆ ಹೇಗೆ? ಸೈಬರ್ ಸೆಕ್ಯುರಿಟಿ ಅಂತ ಎರಡು ಗಂಟೆ ಪಿಪಿಟಿ ತೋರಿಸೋ ಇಂಡಕ್ಷನ್ ವಾರದಲ್ಲಿ ಇದಕ್ಕೆ ಅರ್ಧ ಗಂಟೆ ಸಾಕು: ಎಲ್ಲರೂ ಲ್ಯಾಪ್‌ಟಾಪ್ ತನ್ನಿ, ಯಾರ ಅಕೌಂಟ್ ಇದೆ ನೋಡಿ, ಕೀ ಬರ್ಕೊಂಡು ಸಪರೇಟ್ ಆಗಿ ಇಟ್ಕೊಳ್ಳಿ. ಈ ಸಲದ ಫ್ರೆಶರ್ಸ್‌ಗೆ ಡಿಪಾರ್ಟ್‌ಮೆಂಟ್‌ನವರು ಮಾಡದಿದ್ದರೆ ನಮ್ಮ ಕ್ಲಬ್ಬೇ ಮಾಡಬಹುದು, ಕನ್ನಡದಲ್ಲೇ.