ಕೊಟ್ಟಿಗೆಯ ಬಾಗಿಲಿಗೆ ತಜ್ಞವೈದ್ಯ

ಪಶುವೈದ್ಯವು ಕನ್ನಡಕ್ಕೆ ಹೊಸ ವಿದ್ಯೆಯಲ್ಲ. ಹನ್ನೆರಡನೆಯ ಶತಮಾನದ ಆದಿಯಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ಮುಂದೆ ಅಭಿನವಚಂದ್ರನು ಅಶ್ವಚಿಕಿತ್ಸೆಯನ್ನು ಕುರಿತು ಬರೆದನು. ಮೈಸೂರು ಸಂಸ್ಥಾನವಂತೂ ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ'ಯ ಕಾಲದಿಂದಲೂ ಗೋಸಂಪತ್ತಿಗೆ ಹೆಸರಾದುದು. ಅದೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಇಂತಹ ಮೈಸೂರಿನಲ್ಲಿ ಇಂದು ನಡುರಾತ್ರಿ ಹಸುವೊಂದು ಕರು ಹಾಕಲಾರದೆ ನೆಲಕ್ಕೊರಗಿದರೆ, ಅದನ್ನು ಸಾಕಿದವನ ಪಾಡೇನು?

ಮನುಷ್ಯನಾದರೆ ಆಟೋರಿಕ್ಷಾದಲ್ಲಿಯಾದರೂ ಆಸ್ಪತ್ರೆ ಸೇರಿಯಾನು. ಮುನ್ನೂರು ನಾನೂರು ಕಿಲೋ ತೂಗುವ ಹಸುವು ಕಾಲು ಮುರಿದುಕೊಂಡು ಬಿದ್ದರೆ ಅದನ್ನು ಎತ್ತುವವರಾರು? ಗರ್ಭಕೋಶವು ತಿರುಚಿಕೊಂಡಾಗ ಕೆಲವೇ ತಾಸುಗಳಲ್ಲಿ ಅದನ್ನು ಸರಿಪಡಿಸದಿದ್ದರೆ ಕರು ಉಳಿಯದು, ತಾಯಿಯೂ ಅಪಾಯಕ್ಕೊಳಗಾಗುವುದು. ಲಾರಿಗಾಗಿ ಅಲೆಯುವಷ್ಟು ಅವಕಾಶ ಅಲ್ಲಿಲ್ಲ. ಪಶುಚಿಕಿತ್ಸೆಯಲ್ಲಿ ರೋಗಿಯೆಡೆಗೆ ವೈದ್ಯನು ಹೋಗುವುದು ಅನುಕೂಲದ ಮಾತಲ್ಲ, ಅನಿವಾರ್ಯ.

ಸರಕಾರವು ಇದನ್ನು ಅರಿಯದೆ ಇಲ್ಲ. 2022ರಲ್ಲಿ ಕರ್ನಾಟಕದಲ್ಲಿ 'ಪಶು ಸಂಜೀವಿನಿ' ವಾಹನಗಳ ದೊಡ್ಡ ತಂಡವೇ ಸಂಚಾರಕ್ಕೆ ಬಂದಿತು. 1962ಕ್ಕೆ ದೂರವಾಣಿ ಮಾಡಿದರೆ ಒಬ್ಬ ವೈದ್ಯ, ಒಬ್ಬ ಸಹಾಯಕ, ಒಬ್ಬ ಚಾಲಕ ಮನೆಬಾಗಿಲಿಗೆ ಬರುವ ಏರ್ಪಾಡು ಅದು. ಒಂದು ಲಕ್ಷ ಜಾನುವಾರಿಗೆ ಒಂದು ವಾಹನವೆಂಬುದು ಕೇಂದ್ರದ ಯೋಜನೆಯ ಲೆಕ್ಕ. ಏರ್ಪಾಡು ಸ್ತುತ್ಯವೇ, ಆದರೆ ವಾಹನದಲ್ಲಿ ಬರುವವರು ಎಲ್ಲ ರೋಗಗಳನ್ನೂ ನೋಡುವ ಸಾಮಾನ್ಯ ವೈದ್ಯರು. ಗಾಲಿಗಳನ್ನು ಜೋಡಿಸಿದ ಮಾತ್ರಕ್ಕೆ ಶಸ್ತ್ರವೈದ್ಯದ ನೈಪುಣ್ಯವು ಬಂದೀತೆ?

ನಗರದ ಹಸುಗಳ ರೋಗವೂ ಬೇರೆಯೇ ಆಗಿದೆ. ಸಂತೆ ಮಾರುಕಟ್ಟೆಗಳ ಕಸದಲ್ಲಿ ಸೊಪ್ಪು ಸಿಪ್ಪೆ ಹುಡುಕುವ ಹಸು ಪ್ಲಾಸ್ಟಿಕ್ ಚೀಲವನ್ನೂ ಕೂಡಿಯೇ ನುಂಗುತ್ತದೆ. ಅದು ಜೀರ್ಣವಾಗದೆ ಮೆಲುಕಿನ ಹೊಟ್ಟೆಯಲ್ಲಿ ಗಂಟುಕಟ್ಟುತ್ತದೆ. ತಂತಿಯ ಚೂರು, ಮೊಳೆ ಹೊಕ್ಕರಂತೂ ಎರಡನೆಯ ಜಠರವನ್ನು ಚುಚ್ಚಿ ಅದಕ್ಕೆ ಹೊಂದಿಕೊಂಡೇ ಇರುವ ಹೃದಯದ ಪೊರೆಯವರೆಗೂ ಹೋಗಬಹುದು. ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಮನೆಯವರು ದೃಷ್ಟಿಯಾಯಿತೆನ್ನುತ್ತಾರೆ! ಇದಕ್ಕೆ ಶಸ್ತ್ರಚಿಕಿತ್ಸೆಯುಂಟು. ಹಸುವನ್ನು ನಿಲ್ಲಿಸಿಯೇ, ಎಡಪಕ್ಕೆಗೆ ಮಾತ್ರ ಮರಗಟ್ಟುವ ಮದ್ದು ಚುಚ್ಚಿ, ಹೊಟ್ಟೆಯನ್ನು ತೆರೆದು ಕಸವನ್ನು ತೆಗೆದು ಹೊಲಿಯಬಹುದು. ಶುಚಿಯಾದ ಹಿತ್ತಿಲಿದ್ದರೆ ಸಾಕು. ಪಳಗಿದ ಕೈ ಮಾತ್ರ ಬೇಕು. ಕೈಯಲ್ಲಿ ಹಿಡಿದೊಯ್ಯುವ ಅಲ್ಟ್ರಾಸೌಂಡ್ ಯಂತ್ರ, ಸಣ್ಣ ಕ್ಷಕಿರಣ ಯಂತ್ರಗಳೂ ಈಗ ದೊರೆಯುತ್ತವೆ.

ಆದರೆ ಆ ಕೈ ಸ್ಥಳೀಯ ಪಶುವೈದ್ಯನನ್ನು ಬದಿಗೊತ್ತಿ ಬರಬಾರದು. ತಜ್ಞನು ಬಂದು ಕತ್ತರಿಸಿ ಹೊಲಿದು ಹೊರಟುಹೋಗುತ್ತಾನೆ. ಮರುದಿನ ಗಾಯ ಕೀವುಗಟ್ಟಿತೆ, ಮೆಲುಕು ಹಾಕಿತೆ ಎಂದು ನೋಡುವವರಾರು? ಹತ್ತು ಹನ್ನೆರಡು ದಿನಗಳಾದ ಮೇಲೆ ಹೊಲಿಗೆ ಬಿಚ್ಚುವವರಾರು? ಈ ಹಸುವು ಕಳೆದ ಸೂಲಿನಲ್ಲಿ ಹಾಲುಜ್ವರದಿಂದ ಮಲಗಿತ್ತೆಂಬುದು ಯಾವ ಯಂತ್ರಕ್ಕೂ ಕಾಣದು. ಬಡಾವಣೆಯ ವೈದ್ಯನಿಗೆ ಗೊತ್ತು. ಆದುದರಿಂದ ತಜ್ಞನನ್ನು ಕರೆಯುವವನು ಅವನೇ ಆಗಬೇಕು, ಚಿಕಿತ್ಸೆಯ ಹೊತ್ತಿನಲ್ಲಿ ಪಕ್ಕದಲ್ಲಿ ನಿಲ್ಲಬೇಕು, ಅನಂತರದ ಹೊಣೆಯನ್ನೂ ಹೊರಬೇಕು. ಹಾಗೆ ನಿಂತು ನೋಡಿದವನು ಮುಂದೊಮ್ಮೆ ತಾನೇ ಮಾಡಿಯಾನು. ತನ್ನ ಗಿರಾಕಿಯನ್ನು ತಜ್ಞನು ಕಸಿದುಕೊಂಡಾನೆಂಬ ಶಂಕೆ ಕೆಲವರಲ್ಲಿ ಮೂಡೀತು. ಕರೆ ತನ್ನ ಕೈಯಲ್ಲಿಯೇ ಉಳಿದರೆ ಶಂಕೆಗೆ ಆಸ್ಪದವೆಲ್ಲಿ?

ಇಂತಹ ಸಹಕಾರವನ್ನು ಮೈಸೂರಿಗರು ಕಾಣದೆ ಇಲ್ಲ. ದಸರೆಯ ಆನೆಗಳಿಗೆ ವೈದ್ಯರು ಅರಮನೆಯ ಅಂಗಳಕ್ಕೇ ಬರುತ್ತಾರೆ. ಮಾವುತ ಕಾವಾಡಿಗರು ಹೇಳುವ ಲಕ್ಷಣವನ್ನು ಕೇಳಿ ಮದ್ದು ಕೊಡುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಲಕ್ಷ್ಮಿಯೆಂಬ ಆನೆ ಅರಮನೆಯ ಆವರಣದಲ್ಲಿಯೇ ಮರಿ ಹಾಕಿತು! ಗರ್ಭವು ಮೊದಲು ತಿಳಿದಿರಲಿಲ್ಲ. ಆ ಬಳಿಕ ದಸರೆಗೆ ಹೆಣ್ಣಾನೆಗಳನ್ನು ಆರಿಸುವ ಮುನ್ನ ಗರ್ಭಪರೀಕ್ಷೆ ಮಾಡುವ ಪದ್ಧತಿ ಬಂದಿತು. ಉತ್ಸವದ ಆನೆಗೆ ದೊರೆಯುವ ಈ ಎಚ್ಚರ, ಹಿತ್ತಿಲ ಒಂಟಿ ಹಸುವಿನ ಹಾಲಿನಿಂದ ಮಕ್ಕಳ ಶಾಲೆಯ ಶುಲ್ಕ ಕಟ್ಟುವ ಮನೆಗೂ ದೊರೆಯಬೇಡವೆ?

ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಮೈಸೂರಿಗೆ ಅದು ದೂರದ ಊರಲ್ಲ. ಅಲ್ಲಿನ ಶಸ್ತ್ರವೈದ್ಯರೊಬ್ಬರು ವಾರಕ್ಕೆರಡು ದಿನ ಸಜ್ಜಾದ ವಾಹನದೊಡನೆ ಮೈಸೂರಿಗೆ ಬರಲಿ. ಯಾವ ಕೊಟ್ಟಿಗೆಗೆ ಮೊದಲು ಹೋಗಬೇಕೆಂಬ ಪಟ್ಟಿಯನ್ನು ನಗರದ ಪಶುವೈದ್ಯರೇ ಹಿಂದಿನ ಸಂಜೆ ಸಿದ್ಧಪಡಿಸಲಿ. ವೆಚ್ಚದಲ್ಲಿ ಒಂದು ಪಾಲನ್ನು ಹಾಲು ಒಕ್ಕೂಟವು ವಹಿಸಿಕೊಂಡರೆ ಅದಕ್ಕೆ ನಷ್ಟವೇನೂ ಇಲ್ಲ: ಉಳಿದ ಹಸುವಿನ ಹಾಲು ಬಂದು ಸೇರುವುದು ಅದರ ಕ್ಯಾನಿಗೇ.